ಏಕಾದಶಿಯ ಮಾತ್ರೆ

ಸಂಪದಾ,

ಅಜ್ಜಿಯ ಮಾತ್ರೆ ಶೃಂಗೇರಿಯಲ್ಲಿ ಸಿಗಲಿಲ್ಲ, ಕೊಪ್ಪಕ್ಕೆ ಹೊರಟಿದ್ದೇನೆ. ಉಳಿದಿರುವ ಒಂದನ್ನು ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದೇನೆ. ಅವರ ಪೂಜೆ ಮುಗಿದ ಕೂಡಲೇ ಬೆಚ್ಚಗಿನ ನೀರಿನೊಂದಿಗೆ ಕೊಡು. ಮರೆಯಬೇಡ.

ಇವತ್ತು ಏಕಾದಶಿ, ಖಂಡಿತ ಬೇಡವೆನ್ನುತ್ತಾರೆ. ಕಳೆದ ಏಕಾದಶಿಗೂ ಹೀಗೇ ಬಿಟ್ಟರು. ಮರುದಿನ ಪಾರಣೆಯ ಮೊದಲ ತುತ್ತಿಗೇ ಕೆನ್ನೆಗೆ ಕರೆಂಟ್ ಹೊಡೆದಂತಾಗಿ, ಊಟ ಬಿಟ್ಟು ಎದ್ದುಹೋದದ್ದನ್ನು ನೀನೂ ನೋಡಿದ್ದೀಯ. ಈಗ ಇನ್ನೊಂದು ಹಲ್ಲು ಕೀಳಿಸುತ್ತೇನೆ ಎಂದು ಹಟ ಹಿಡಿದಿದ್ದಾರೆ. ನೋವು ಹಲ್ಲಿನದಲ್ಲ, ಮುಖದ ನರದ್ದು ಎಂದು ಮಣಿಪಾಲದ ಡಾಕ್ಟರು ಹೇಳಿದ್ದನ್ನು ನಾನು ಎಷ್ಟು ಸಲ ಹೇಳಲಿ?

ಫ್ಯಾನ್ ಹಾಕಬೇಡ, ಗಾಳಿ ಸೋಕಿದರೂ ನೋವು ಏಳುತ್ತದೆ. ಹೆಚ್ಚು ಮಾತಾಡಿಸಬೇಡ. ಅವರು ಸುಮ್ಮನಿದ್ದರೆ ಸಿಟ್ಟೆಂದು ತಿಳಿಯಬೇಡ, ತುಟಿ ಅಲುಗಿಸಲು ಹೆದರುತ್ತಾರೆ.

ನಿನಗೆ ಅವಲಕ್ಕಿ ಕಲಸಿಟ್ಟಿದ್ದೇನೆ.

"ಏಕಾದಶಿಗೆ ಎಂತದೂ ಬೇಡ ಕೂಸೇ" ಎಂದರೆ ವಾದಿಸಬೇಡ. ಅವರ ಪಾಲಿನ ಉಪವಾಸವನ್ನು ಇವತ್ತು ಅಮ್ಮ ಮಾಡುತ್ತಿದ್ದಾಳೆ ಎಂದು ಹೇಳು. ನಂಬದಿದ್ದರೆ, ಬೆಳಗ್ಗೆ ನನಗೆಂದು ಸೋಸಿದ ಕಾಫಿ ಒಲೆಯ ಪಕ್ಕ ಹಾಗೇ ಇದೆ. ಆ ಲೋಟ ತೋರಿಸು.

ಅಮ್ಮ