ಹಾಡಿದವರ ಪಟ್ಟಿ

ಪ್ಯಾರಿಸ್, ಫೆಬ್ರವರಿ ೧೭೧೨

ಮಾನ್ಯ ಪೊಲೀಸ್ ಅಧಿಕಾರಿಗಳಿಗೆ ನಿಮ್ಮ ಗುಮಾಸ್ತನ ವಂದನೆಗಳು.

ಅಪ್ಪಣೆಯಂತೆ ಇಂದು ಮಧ್ಯಾಹ್ನ ಸಂತೆಯ ನಾಟಕಶಾಲೆಗೆ ಹೋಗಿದ್ದೆ. ದೊರೆಯ ಒಪೆರಾ ಮಂಡಳಿಯವರಲ್ಲದೆ ಬೇರೆ ನಟರು ಹಾಡಕೂಡದೆಂಬ ಆಜ್ಞೆಯನ್ನು ಮೀರಿದವರ ಹೆಸರು ಬರೆದು ತರುವುದು ನನ್ನ ಕೆಲಸವಾಗಿತ್ತು.

ನಟಿ ತುಟಿ ಬಿಚ್ಚಲಿಲ್ಲ. ಗಂಡನನ್ನು ಬೈದು ಹಾಡಬೇಕಾದ ಕಡೆ ಸೊಂಟಕ್ಕೆ ಕೈಯಿಟ್ಟು ಸುಮ್ಮನೆ ನಿಂತಳು. ಮೇಲಿನಿಂದ ಹಗ್ಗದಲ್ಲಿ ಒಂದು ಹಲಗೆ ಇಳಿಯಿತು. ಅವಳ ಹಾಡು ಅದರ ಮೇಲೆ ದಪ್ಪಕ್ಷರದಲ್ಲಿತ್ತು. ಪಿಟೀಲಿನವನು ಎಲ್ಲರಿಗೂ ಗೊತ್ತಿರುವ ದ್ರಾಕ್ಷಿ ಕೊಯ್ಲಿನ ಮಟ್ಟು ಹಿಡಿದ. ಕೂತಿದ್ದ ಜನವೇ ಅವಳ ಪರವಾಗಿ ಹಾಡಿತು. ಕೂಲಿಗಳು, ವಕೀಲರು, ರೇಷ್ಮೆಯುಟ್ಟ ದೊರೆಸಾನಿಯರು, ಎಲ್ಲರ ಗಂಟಲೂ ಒಂದಾಯಿತು. ಅವರು ನಗುನಗುತ್ತಲೇ ಹಾಡುತ್ತಿದ್ದರು. ನನಗೆ ಮಾತ್ರ ಮೈ ಜುಮ್ಮೆಂದಿತು, ಇಗರ್ಜಿಯಲ್ಲೂ ಹಾಗಾದದ್ದಿಲ್ಲ. ಅರಿವಿಲ್ಲದೆ ಟೋಪಿ ತೆಗೆದಿದ್ದೆ.

ಪಕ್ಕದಲ್ಲಿದ್ದ ಮೀನು ಮಾರುವ ಮುದುಕಿ ತಿವಿದಳು. "ಏನಪ್ಪಾ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ? ನಂಗೆ ಓದಕ್ಕೆ ಬರಲ್ಲ. ನೀನು ಮುಂದೆ ಹೇಳು, ನಾನು ಹಿಂದೆ ಹೇಳ್ತೀನಿ."

ನಾನು ಓದಿ ಹೇಳಿದೆ. ಎರಡನೆಯ ಸಾಲಿಗೆ ಅದು ಓದಾಗಿ ಉಳಿದಿರಲಿಲ್ಲ.

ಆದ್ದರಿಂದ ಪಟ್ಟಿ ಹೀಗಿದೆ. ರಂಗದ ಮೇಲೆ ಹಾಡಿದವರು ಯಾರೂ ಇಲ್ಲ. ಕೆಳಗೆ ಹಾಡಿದವರಲ್ಲಿ ನನಗೆ ಹೆಸರು ಗೊತ್ತಿರುವವನು ಒಬ್ಬನೇ, ಈ ಪತ್ರಕ್ಕೆ ರುಜು ಹಾಕಿದವನು.

ಶಿಕ್ಷೆ ಕೊಡುವುದಾದರೆ ದಯವಿಟ್ಟು ಶನಿವಾರ ಕಳೆದ ಮೇಲೆ ಕೊಡಿ. ಅಂದು ಹೊಸ ಹಲಗೆಗಳು ಇಳಿಯುತ್ತವಂತೆ. ಆ ಮುದುಕಿಗೆ ಓದಿ ಹೇಳುವವರು ಬೇರೆ ಯಾರೂ ಇಲ್ಲ.

ತಮ್ಮ ವಿಧೇಯ,
ಗಾಸ್ಪಾರ್ ತುವಿಲಿಯೆ