ಹಸಿರು ಚೀಟಿ ಯಾರದು

ಜುಲೈ 13, ಗುರುವಾರ

ನಿಜ ಬರೆದದ್ದಕ್ಕೆ ನಮ್ಮ ಸಾಫ್ಟ್‌ವೇರ್ ಟೀಮಿನ ಲುದಿ ಅಕ್ಕನ ಕೆಲಸ ಹೋಗುತ್ತಿದೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ನಿನ್ನೆ ಅಜೈಲ್ ಕೋಚ್ ಹುದ್ದೆಗೆ, ಅಂದರೆ ಟೀಮಿನ ಕೆಲಸದ ರೀತಿ ತಿದ್ದುವವರ ಹುದ್ದೆಗೆ, ಸಂದರ್ಶನ. ಬಂದವರು ಮೂವರು. ಒಬ್ಬೊಬ್ಬರೂ ನಮ್ಮ ಟೀಮಿನೊಂದಿಗೆ ಒಂದು ರೆಟ್ರೊ ನಡೆಸಿ ತೋರಿಸಬೇಕು. ಕಳೆದ ಎರಡು ವಾರದಲ್ಲಿ ಏನು ಕೆಟ್ಟಿತು, ಏಕೆ, ಎಂದು ಕೂತು ಮಾತಾಡುವುದು. ಅಂಕ ಕೊಡುವವರು ನಾವೇ. "ನಿಮ್ ಕೋಚ್‌ನ ನೀವೇ ಆರಿಸ್ಕೊಳ್ಳಿ" ಎಂದಿದ್ದರು ಮ್ಯಾನೇಜರ್ ಗ್ಲೆನ್ ಸರ್. ನಂಬಿದ್ದೆ.

ಮೊದಲನೆಯವನು ಬಲೂನು ಊದಿಸಿದ. ಎರಡನೆಯವನು, ಮನಿಲಾದವನು, ತನ್ನ ಸರ್ಟಿಫಿಕೇಟುಗಳನ್ನೇ ಬಣ್ಣಿಸಿದ. ಕೊನೆಗೆ ರೊವೆನಾ ದುಮಲಾಗನ್. ಆಟವಿಲ್ಲ, ಸ್ಲೈಡಿಲ್ಲ. ಗ್ಲೆನ್ ಸರ್‌ರನ್ನು ನಯವಾಗಿ ಹೊರಗೆ ಕಳಿಸಿ ಬಾಗಿಲು ಹಾಕಿದಳು.

"ಬಾಸ್ ಮುಂದೆ ಹೇಳೋಕಾಗದೇ ಇರೋದನ್ನ ಬರೀರಿ. ಹೆಸರು ಬೇಡ."

ಮೊದಲು ಎಲ್ಲರೂ ನಕ್ಕೆವು. ಕಷ್ಟದ ಮಾತು ಬಂದರೆ ನಮ್ಮ ಸೆಬು ಊರಿನವರು ಮೊದಲು ನಗುವುದೇ. ಆಮೇಲೆ ಬರೆದೆವು. ಒಂದು ಹಸಿರು ಚೀಟಿಯಲ್ಲಿ: 'ಡೆಮೊ ದಿನ ಗಿರಾಕಿಗೆ ದೋಷ ತೋರಿಸಬೇಡಿ ಎಂದರು ಸರ್.' ರೊವೆನಾ ಅದನ್ನು ಜೋರಾಗಿ ಓದಿ ಬೋರ್ಡಿಗೆ ಅಂಟಿಸಿದಳು. ನಂತರ ಒಬ್ಬರ ಮೇಲೊಬ್ಬರು ಮಾತಾಡಿದೆವು... ಈ ಟೀಮು ಹಾಗೆ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ರೊವೆನಾಗೆ ಪೂರ್ತಿ ಅಂಕ ಕೊಟ್ಟೆ.

ಇವತ್ತು ಲುದಿ ಅಕ್ಕನನ್ನು ಒಳಗೆ ಕರೆದರು. ಹೊರಬಂದಳು — ನಗುತ್ತಲೇ.

"ಸೋಮವಾರ ಕೊನೇ ದಿನ ಅಂತೆ, ತಮ್ಮಾ. ಕಾಂಟ್ರಾಕ್ಟ್ ಮುಂದುವರ್ಸಲ್ವಂತೆ."

"ನೀವೇ ಬರ್ದಿದ್ದು ಅಂತ ಹೇಗೆ ಗೊತ್ತಾಯ್ತು?"

"ನಾನು ಯಾವ ಬಣ್ಣ, ಹೇಳು?"

ಹಸಿರು. ದಿನಾ ಬೆಳಿಗ್ಗೆ ಬೋರ್ಡಿನ ಮೇಲೆ ಒಬ್ಬೊಬ್ಬರ ಕೆಲಸಕ್ಕೂ ಒಂದೊಂದು ಬಣ್ಣದ ಚೀಟಿ. ನನ್ನದು ಗುಲಾಬಿ. ನಿನ್ನೆಯೂ ರೂಢಿಯಂತೆ ಎಲ್ಲರ ಕೈ ತಂತಮ್ಮ ಬಣ್ಣಕ್ಕೇ ಹೋಗಿದೆ. ಗ್ಲೆನ್ ಸರ್ ಗಾಜಿನ ಗೋಡೆಯಾಚೆಯಿಂದ ಬೋರ್ಡಿನ ಫೋಟೊ ತೆಗೆದುಕೊಂಡಿದ್ದಾರೆ. ಹೆಸರಿಲ್ಲದ ಚೀಟಿಯಂತೆ!

ಜುಲೈ 14, ಶುಕ್ರವಾರ. ಮಧ್ಯಾಹ್ನ

ಗ್ಲೆನ್ ಸರ್ ಎಲ್ಲರಿಗೂ ಸಿಯೊಪಾವ್ ತರಿಸಿದರು, ಮಾಂಸ ತುಂಬಿದ ಬನ್ನು. ಬಿಸಿ ಬಿಸಿ. ಮುಟ್ಟಲಿಲ್ಲ.

"ರೊವೆನಾನೇ ಇರ್ಲಿ. ವರ್ಷವೆಲ್ಲ ನಂಗೆ ಗೊತ್ತಾಗದ್ದನ್ನ ಒಂದೇ ಸಲಕ್ಕೆ ಹೊರಗೆ ತೆಗೆದ್ಲಲ್ಲ! ಸೋಮವಾರ ಸಹಿ ಹಾಕಿಸ್ತೀನಿ. ತಿನ್ನಪ್ಪಾ, ಯಾಕೆ ಮುಖ ಹಂಗೆ?"

"ಲುದಿ ಅಕ್ಕ, ಸರ್?"

"ಅದು ಬೇರೆ ವಿಷಯ."

ಬೇರೆ ವಿಷಯ! ಇವರಿಗೆ ಬೇಕಾಗಿರುವುದು ಕೋಚ್ ಅಲ್ಲ, ಗಾಳ. 'ಟೀಮು ಅಂಜಿದರೆ ಕೆಲಸ ಸುಳ್ಳಾಗುತ್ತದೆ' — ಜೀಪ್ನಿ ಬಸ್ಸಿನಲ್ಲಿ ನೇತಾಡುತ್ತ ಅಜೈಲ್ ಕಿರುಹೊತ್ತಗೆಯೊಂದರಲ್ಲಿ ಓದಿ, ಗೆರೆ ಎಳೆದಿಟ್ಟ ಸಾಲು. ಅಂಜದವಳನ್ನೇ ಹೊರಗೆ ಹಾಕಿದರೆ ಏನು ಮಾಡಬೇಕು? ಆ ಕಿರುಹೊತ್ತಗೆಯಲ್ಲಿ ಇಲ್ಲ. ಮತ್ತೆ ಹುಡುಕಿದೆ. ಇಲ್ಲ.

ಜುಲೈ 16, ಭಾನುವಾರ

ಚರ್ಚ್ ಮುಗಿಸಿ ರೊವೆನಾಳನ್ನು ಕಂಡೆ. ಕಾರ್ಬನ್ ಮಾರುಕಟ್ಟೆ ಹತ್ತಿರ, ಪುಸೊ ಅಂಗಡಿಯಲ್ಲಿ. ನಾನು ಕೂರಲೂ ಇಲ್ಲ.

"ನಿಮ್ ಇಂಟರ್‌ವ್ಯೂಗೆ ನಮ್ಮಕ್ಕನ ಅನ್ನ ಹೋಯ್ತು."

ಅವಳಿಗೆ ಗೊತ್ತೇ ಇರಲಿಲ್ಲ. ಎಲ್ಲ ಹೇಳಿದೆ. ಬಿಡಿಸುತ್ತಿದ್ದ ಪುಸೊವನ್ನು, ತೆಂಗಿನಗರಿಯ ಅನ್ನದ ಪೊಟ್ಟಣವನ್ನು, ಕೆಳಗಿಟ್ಟಳು.

"ಬಣ್ಣ ನಾನು ನೋಡ್ಬೇಕಿತ್ತು. ಕೋಚ್ ಅಂತೆ ನಾನು!"

ಕೈ ಒರೆಸಿಕೊಂಡಳು. "ಸಹಿ ಹಾಕೋ ಮೊದ್ಲು ಇನ್ನೊಂದು ರೆಟ್ರೊ ಕೇಳ್ತೀನಿ. ನಿಮ್ ಸರ್ ಒಳಗೇ ಕೂರ್ಲಿ. ಲುದಿ ಇರ್ಲೇಬೇಕು."

"ಒಪ್ಪದಿದ್ರೆ?"

"ಸಹಿ ಇಲ್ಲ."

"ನಿಮಗೆ ಕೆಲ್ಸ ಬೇಡ್ವಾ?"

"ಬೇಕು, ತಮ್ಮಾ. ತುಂಬಾ ಬೇಕು. ಕೂತ್ಕೊ, ತಿನ್ನು."

ತಿಂದೆ.

ಟೀಮಿಗೆಲ್ಲ ಮೆಸೇಜು ಹಾಕಿದೆ — ಲುದಿ ಅಕ್ಕ ಬರೆದ ಅದೇ ಸಾಲನ್ನು ನಾಳೆ ಎಲ್ಲರೂ ಬರೆಯೋಣ, ಹಸಿರಿನಲ್ಲಿ. ಒಬ್ಬೊಬ್ಬರಾಗಿ ಹೂಂ ಎಂದರು. ಬೊಯೆಟ್ ಮಾತ್ರ: "ನಂಗೆ ಮಕ್ಕಳಿದಾರೆ ಮಾರಾಯ." ಸಿಟ್ಟು ನೆತ್ತಿಗೇರಿತು. ಬೈಯಲು ಟೈಪ್ ಮಾಡುತ್ತಿದ್ದೆ, ಅಷ್ಟರಲ್ಲಿ ಅವನದೇ ಇನ್ನೊಂದು: "ಹಸಿರು ನಿನ್ ಹತ್ರ ಇದ್ಯಾ, ನಾನೇ ತರ್ಬೇಕಾ?"

ಇದೆ. ಅಂಗಡಿಯಲ್ಲಿದ್ದ ಹಸಿರನ್ನೆಲ್ಲ ಎತ್ತಿಕೊಂಡು ಬಂದಿದ್ದೇನೆ. ಈಗ ತೆಗೆಯಲಿ ಫೋಟೊ.

ನಾಳೆ ಸೋಮವಾರ, ಬೆಳಿಗ್ಗೆ ಒಂಬತ್ತು. ಬೋರ್ಡಿನ ಮುಂದೆ. ಎಲ್ಲರೂ — ಹಸಿರು ಚೀಟಿ ಹಿಡಿದು.