ಅಜ್ಜಿಯ ಪದ, ಫರ್ಹಾಳ ಗಂಟಲು

12 ನವೆಂಬರ್, ಬೆಳಿಗ್ಗೆ 6.10

ಎದ್ದೆ. ಬಿಸಿನೀರು, ಮಾತ್ರೆ. ಮಾತಿಲ್ಲ — ನಾಲ್ಕನೇ ದಿನ. ಗಂಟಲಿನ ಗಂಟು ತೆಗೆದ ಡಾಕ್ಟರು ಹತ್ತು ದಿನ ಪಿಸುಮಾತೂ ಕೂಡದು ಎಂದಿದ್ದಾರೆ. ಅಮ್ಮನಿಗೆ ಬೇಕಾದ್ದನ್ನು ಸ್ಲೇಟಿನಲ್ಲಿ ಬರೆದು ತೋರಿಸುತ್ತೇನೆ. ಉಳಿದದ್ದು ಇಲ್ಲಿ.

"ಮೈಕ್ ಇಲ್ದೆ ಕಿರುಚ್ಬೇಡ ಕಣೇ ಅಂತ ಬಡ್ಕೊಂಡೆ. ಕೇಳಿದ್ಯಾ ರಂಜಿತಾ?" ಅಮ್ಮ ಇವತ್ತೂ ಶುರು. ಉತ್ತರ ಕೊಡಲಾಗದವಳನ್ನು ಬೈಯುವುದು ಸುಲಭ.

ಮುನಿತಾಯಮ್ಮಜ್ಜಿ ಸಾಯುವ ಮುಂಚೆ ಕೋಲಾಟದ ಇಪ್ಪತ್ತಾರು ಪದಗಳನ್ನು ನನಗೊಬ್ಬಳಿಗೇ ಹೇಳಿಕೊಟ್ಟಳು. ಸಾಲುಗಳು ನೋಟ್‌ಬುಕ್ಕಿನಲ್ಲಿವೆ. ರಾಗ? ಫೋನಿನ ಕ್ಲಿಪ್‌ಗಳಲ್ಲಿ ಬರೀ ಕೋಲಿನ ಸದ್ದು, ಸಿಳ್ಳೆ. ನನ್ನ ದನಿ ಎಲ್ಲೋ ಹಿಂದೆ. ಸರಿಯಾಗಿ ರೆಕಾರ್ಡ್ ಮಾಡಬೇಕು ಅಂದುಕೊಳ್ಳುತ್ತಲೇ...

ಅದೇ ದಿನ, ಸಂಜೆ

ಕಾಂತರಾಜು ಬಂದಿದ್ದ. ನಮ್ಮ ಕೋಲಾಟದ ತಂಡದಲ್ಲಿ ಹಾಡುವವಳು ನಾನು, ಹೆಜ್ಜೆ ಹಿಡಿಸುವವನು ಅವನು.

"ಡಿಸೆಂಬರ್ ಹದಿನೈದು, ಆವತೀಲಿ ನಮ್ಮ ಕೋಲಾಟ. ಫಿಕ್ಸ್ ಆಯ್ತು. ಸ್ಪೀಕರಲ್ಲಿ ಸಿನಿಮಾ ಹಾಡು ಹಾಕ್ಕೊಂಡು ಕುಣಿಯೋಣ ಅಂತಾವ್ರೆ ನಮ್ಮೋರು. ಏನ್ ಮಾಡ್ಲಿ?"

ಸ್ಲೇಟಿನಲ್ಲಿ ಬರೆದೆ: ಬೇಡ. ಕೆಳಗೆ ಎರಡು ಗೆರೆ ಎಳೆದೆ.

"ಮತ್ತೆ ಯಾರು ಹಾಡ್ತಾರೆ?"

ಸ್ಲೇಟು ಒರೆಸಿದೆ. ಆಮೇಲೆ ಬರೆದೆ: ಫರ್ಹಾ.

ಪಿಲ್ಲಗುಂಪೆ ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಟೇಬಲ್ಲಿನವಳು. ಹೊಸಕೋಟೆ ಹುಡುಗಿ. ಪ್ಯಾಕಿಂಗ್ ಮಾಡುತ್ತಾ ನಾನು ಗುನುಗಿದ್ದನ್ನು ಊಟದ ಹೊತ್ತಿಗೆ ತಾನೂ ಗುನುಗುತ್ತಾಳೆ. ಮನೆಯವರ ಮದುವೆಗಳಲ್ಲಿ ಢೋಲಕ್ ಹಿಡಿದು ಹಾಡಿ ಪಳಗಿದ ಗಂಟಲು.

17 ನವೆಂಬರ್, ಭಾನುವಾರ

ಫರ್ಹಾ ಬಸ್ಸಿನಲ್ಲಿ ಬಂದಳು. ಮಾತಿಲ್ಲದೆ ರಾಗ ಕಲಿಸುವುದು ಹೇಗೆ? ಹೊಸ್ತಿಲ ಮೇಲೆ ಕೋಲು ಕುಟ್ಟಿದೆ. ಏರುವ ಕಡೆ ಕೈ ಮೇಲೆ, ಇಳಿಯುವ ಕಡೆ ಕೆಳಗೆ.

"ಅಕ್ಕಾ, ಟ್ರಾಫಿಕ್ ಪೊಲೀಸ್ ಥರ ಇದೀಯಾ," ಎಂದು ಬಿದ್ದು ಬಿದ್ದು ನಕ್ಕಳು. ನನಗೆ ನಗುವುದಕ್ಕೂ ಪರ್ಮಿಷನ್ ಇಲ್ಲ.

*ಅಕ್ಕ ಇಳಿದಾಳೆ ದಿಣ್ಣೆ, ಹುರುಳಿಯ ಹೊಲವೆಲ್ಲ ಹೂವಾಗಿ...* ಆ 'ಹೂವಾಗಿ'ಯಲ್ಲಿ ದನಿ ಏರಿ, ತುಸು ನಿಂತು, ಮೆಲ್ಲಗೆ ಇಳಿಯಬೇಕು. ಮೂರು ಸಲ ಜಾರಿದಳು. ನಾಲ್ಕನೇ ಸಲ ಮುಟ್ಟಿದಳು. ನನ್ನ ಗಂಟಲು ತಾನಾಗಿಯೇ ಅಲುಗಿತು... ಕೈಯಿಂದ ಒತ್ತಿ ಹಿಡಿದೆ.

ಬಾಗಿಲಲ್ಲಿ ನಿಂತಿದ್ದ ಅಮ್ಮ, "ಊಟ ಮಾಡ್ಕೊಂಡೇ ಹೋಗಮ್ಮ," ಎಂದಳು ಅವಳಿಗೆ.

2 ಡಿಸೆಂಬರ್

ಮಾತು ಬಂದಿದೆ. ತಗ್ಗು, ಒರಟು. ಚಿಕ್ಕಮ್ಮ ಫೋನಿನಲ್ಲಿ "ಯಾರಪ್ಪಾ ಮಾತಾಡೋದು?" ಅಂದಳು. ಇವತ್ತಿನಿಂದ ಡ್ಯೂಟಿ. ಜನವರಿ ಅರ್ಧದವರೆಗೆ ಹಾಡುವಂತಿಲ್ಲ.

"ಮೇಲಿನ ಸ್ವರ ಬರುತ್ತಾ ಸಾರ್?"

"ನೋಡೋಣ," ಅಂದರು ಡಾಕ್ಟರು. ನನ್ನನ್ನು ನೋಡದೆ, ಫೈಲ್ ನೋಡುತ್ತಾ.

15 ಡಿಸೆಂಬರ್, ಆವತಿಯಿಂದ ವಾಪಸ್ ಬರುತ್ತಾ

ಟೆಂಪೊದಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಣಿಯುತ್ತಿವೆ.

ಎಂಟು ಜನ ಸುತ್ತ, ಫರ್ಹಾ ನಡುವೆ. ನಾನು ಮೊದಲ ಸಲ ಸುತ್ತಿನಲ್ಲಿ, ಕಾಂತರಾಜು ಎದುರಿಗೆ. ಎರಡು ವರ್ಷ, ಹೆಜ್ಜೆ ಬದಲಿಸುವ ಮುನ್ನ ಅವನು ನಡುವೆ ನಿಂತ ನನ್ನ ಮುಖ ನೋಡುತ್ತಿದ್ದ. ಆ ಅರೆಕ್ಷಣ ನನ್ನದಾಗಿತ್ತು. ಇವತ್ತು ಅವನ ಕೋಲು ನನ್ನ ಕೋಲಿಗೆ ತಾಗುತ್ತಿತ್ತು, ಕಣ್ಣು ನಡುವಿಗೆ. ಪದ ಎಲ್ಲಿದೆಯೋ ಅಲ್ಲಿಗೇ ನೋಡಬೇಕು. ಗೊತ್ತು. ಆದರೂ...

'ಹೂವಾಗಿ' ಬಂತು. ಫರ್ಹಾ ಏರಿದಳು — ಇಳಿಯಲಿಲ್ಲ. ಅಲ್ಲೇ ಒಂದು ಸಣ್ಣ ಸುತ್ತು ಹಾಕಿ, ಅವರ ಮನೆಯ ಮದುವೆ ಹಾಡಿನ ಥರ ದನಿ ನಡುಗಿಸಿದಳು. ಅಜ್ಜಿ ಹಾಗೆ ಹೇಳುತ್ತಿರಲಿಲ್ಲ. ನನ್ನ ಕೋಲು ಗಾಳಿಗೆ ಹೋಯಿತು. ಬೇರೆ ಯಾರೂ ತಪ್ಪಲಿಲ್ಲ. ಮುಂದೆ ಕೂತ ಹೆಂಗಸರು ಚಪ್ಪಾಳೆ ತಟ್ಟತೊಡಗಿದರು.

"ತಪ್ಪಾಯ್ತಾ ಅಕ್ಕಾ? ಭಯಕ್ಕೆ ಹಂಗೆ ಬಂದ್ಬಿಡ್ತು."

"ಇಲ್ಲ ಕಣೇ. ಚೆನ್ನಾಗಿತ್ತು."

ತಪ್ಪಾಗಿತ್ತು. ಚೆನ್ನಾಗಿತ್ತು ಅಂದದ್ದೂ ಸುಳ್ಳಲ್ಲ.

16 ಡಿಸೆಂಬರ್

ಇಡೀ ಶಿಫ್ಟ್ ಅವಳ ಜೊತೆ ಮಾತಾಡಲಿಲ್ಲ. ಗಂಟಲು ಮುಟ್ಟಿ ತೋರಿಸಿದೆ, ನೋವು ಅನ್ನುವಂತೆ. ನಂಬಿದಳು. ತನ್ನ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟಳು.

ಛೆ.

19 ಜನವರಿ, ಭಾನುವಾರ

ಹಾಡಬಹುದು ಅಂದಿದ್ದಾರೆ. ಬೆಳಿಗ್ಗೆ ಪಂಪ್‌ಹೌಸ್ ಹಿಂದೆ ಹೋಗಿ ನೋಡಿದೆ. 'ಅಕ್ಕ ಇಳಿದಾಳೆ' ಬಂತು. 'ಹೂವಾಗಿ'ಗೆ ಬರೀ ಉಸಿರು. ಮೂರು ಸಲವೂ ಉಸಿರೇ. ಅಮ್ಮನಿಗೆ ಹೇಳಿಲ್ಲ.

ಮಧ್ಯಾಹ್ನ ಫರ್ಹಾ ಕರೆಯದೆ ಬಂದಳು. "ಇನ್ನೊಂದು ಪದ ಹೇಳ್ಕೊಡಲ್ವಾ?"

ಒಂದು ತಿಂಗಳಿಂದ ಒಳಗಿದ್ದದ್ದು ಹೊರಗೆ ಬಂತು. "ಆವತೀಲಿ ನೀನು ಹಾಡಿದ್ದು ನಮ್ಮಜ್ಜಿ ರಾಗ ಅಲ್ಲ."

"ಗೊತ್ತು. ಇಳಿಯೋ ದಾರಿ ಮರ್ತೋಯ್ತು. ನಿನ್ನ ಮುಖ ನೋಡ್ದೆ, ನೀನು ಬೇರೆ ಕಡೆ ನೋಡ್ತಿದ್ದೆ." ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. "ಈ ಸಲ ನೋಡ್ತಾ ಇರು ಅಕ್ಕಾ."

ನನಗೂ ಅವಳನ್ನು ನೋಡುವ ಕೆಲಸವಿತ್ತು, ಅಂದು. ನಾನು ಕಾಂತರಾಜುವನ್ನು ನೋಡುತ್ತಿದ್ದೆ.

ಹೊಸ ಪದ ತೆಗೆದೆ. ಮೊದಲ ಸಾಲು ತಗ್ಗಿನಲ್ಲೇ ಹಾಡಿದೆ. ಒರಟಾಗಿತ್ತು, ಆದರೆ ದಾರಿ ಸರಿಯಿತ್ತು. ಏರುವ ಜಾಗಕ್ಕೆ ಬಂದು ನಿಂತೆ. ಅವಳನ್ನೇ ನೋಡುತ್ತಾ ಕೈ ಎತ್ತಿದೆ — ಇಲ್ಲಿಗೆ. ಫರ್ಹಾ ಹೋದಳು. ಸರಿಯಾಗಿ ಅಲ್ಲಿಗೇ ಹೋಗಿ ನಿಂತಳು. ಆ ಜಾಗ ನನಗೆ ಗೊತ್ತು. ಅಲ್ಲಿ ನಿಂತಾಗ ಎದೆ ಎಷ್ಟು ಹಗುರಾಗುತ್ತದೆ ಎಂಬುದೂ ಗೊತ್ತು. ಕೈ ಮೆಲ್ಲಗೆ ಇಳಿಸಿದೆ, ಅವಳೂ ನನ್ನನ್ನೇ ನೋಡುತ್ತಾ ಅಜ್ಜಿಯ ದಾರಿಯಲ್ಲೇ ಇಳಿದಳು.